ಕಿರಾಣಿ ಅಂಗಡಿಯ ದಾಸ್ತಾನು ಲೆಕ್ಕವನ್ನು ಟ್ಯಾಲಿ ಪ್ರೈಮ್‌ನಲ್ಲಿ ಕೂರಿಸುವ ಕ್ರಮ

ಅಂಗಡಿಯಲ್ಲಿ ಕಂಪ್ಯೂಟರ್ ಇದೆ, ಬಿಲ್ ಅದರಲ್ಲೇ ಬರುತ್ತದೆ, ಜಿಎಸ್‌ಟಿ ವಿವರವೂ ಅದರಿಂದಲೇ ಹೋಗುತ್ತದೆ. ಆದರೆ ತೊಗರಿಬೇಳೆ ಎಷ್ಟು ಚೀಲ ಉಳಿದಿದೆ ಎಂದು ಕೇಳಿದರೆ ಮಾಲೀಕರು ಪರದೆಯನ್ನು ನೋಡುವುದಿಲ್ಲ, ಗೋದಾಮಿಗೆ ಹುಡುಗನನ್ನು ಕಳಿಸುತ್ತಾರೆ. ಪರದೆಯ ಮೇಲಿನ ದಾಸ್ತಾನು ತಪ್ಪೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಯಾರೂ ನಂಬುವುದಿಲ್ಲ. ನಂಬದಿರುವುದರಿಂದ ಯಾರೂ ಸರಿಪಡಿಸುವುದೂ ಇಲ್ಲ. ಇದಕ್ಕೆ ಸಾಫ್ಟ್‌ವೇರ್ ಕಾರಣವಾಗಿರುವುದು ತೀರಾ ಅಪರೂಪ. ಸಾಮಾನ್ಯವಾಗಿ ಕಾರಣ ಎರಡೇ: ಐಟಂಗಳ ಪಟ್ಟಿಯನ್ನು ಅವಸರದಲ್ಲಿ ಮಾಡಿರುವುದು, ಮತ್ತು ಬಿಲ್ ಇಲ್ಲದೆ ಹೊರಗೆ ಹೋಗುವ ಸರಕಿಗೆ ಲೆಕ್ಕದಲ್ಲಿ ದಾರಿಯನ್ನೇ ಇಡದಿರುವುದು. ಈ ಲೇಖನದ ಹೆಚ್ಚಿನ ಭಾಗ ಈ ಎರಡಕ್ಕೇ ಮೀಸಲು.

ಉದಾಹರಣೆಗಾಗಿ ಟ್ಯಾಲಿ ಪ್ರೈಮ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಅನ್ನು ಆರಿಸಿಕೊಳ್ಳಲಾಗಿದೆ. 1986ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿ ಸೊಲ್ಯೂಷನ್ಸ್ ಸಂಸ್ಥೆಯು 2020ರಲ್ಲಿ ಹೊರತಂದ ಈ ಆವೃತ್ತಿಯನ್ನು ಬಲ್ಲ ಲೆಕ್ಕಿಗರು ಸಣ್ಣ ಊರುಗಳಲ್ಲೂ ಸಿಗುತ್ತಾರೆ ಎಂಬುದೇ ಆಯ್ಕೆಗೆ ಮುಖ್ಯ ಕಾರಣ. ಬಿಜಿ, ಮಾರ್ಗ್, ವ್ಯಾಪಾರ್ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಮೆನುವಿನ ಹೆಸರುಗಳು ಬೇರೆಯಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ದಾಸ್ತಾನು ಲೆಕ್ಕ ಇಡುವುದು ಅನುಕೂಲದ ಪ್ರಶ್ನೆ ಮಾತ್ರವಲ್ಲ. ಜಿಎಸ್‌ಟಿ ನಿಯಮಗಳ 56ನೇ ನಿಯಮದ ಪ್ರಕಾರ, ಕಾಂಪೊಸಿಷನ್ ಯೋಜನೆಯಲ್ಲಿಲ್ಲದ (ಅದು ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ವ್ಯವಸ್ಥೆ) ಪ್ರತಿಯೊಬ್ಬ ನೋಂದಾಯಿತ ವ್ಯಾಪಾರಿಯೂ ಆರಂಭದ ದಾಸ್ತಾನು, ಬಂದದ್ದು, ಹೋದದ್ದು, ಕಳೆದುಹೋದದ್ದು, ಕಳವಾದದ್ದು, ಹಾಳಾದದ್ದು, ಉಚಿತವಾಗಿ ಕೊಟ್ಟದ್ದು ಮತ್ತು ಉಳಿಕೆ ಇವೆಲ್ಲವನ್ನೂ ಸರಕುವಾರು ತೋರಿಸಬೇಕು. ಕಾಂಪೊಸಿಷನ್‌ನಲ್ಲಿರುವವರಿಗೆ ಈ ಕಟ್ಟುಪಾಡು ಇಲ್ಲದಿದ್ದರೂ ವ್ಯಾಪಾರದ ದೃಷ್ಟಿಯಿಂದ ಅವರಿಗೂ ಇದು ಬೇಕಾದದ್ದೇ.

ಅಳತೆಯಿಂದ ಆರಂಭಿಸಬೇಕು

ಹೊಸದಾಗಿ ಸಾಫ್ಟ್‌ವೇರ್ ಹಾಕಿದವರು ಸಾಮಾನ್ಯವಾಗಿ ಐಟಂ ಹೆಸರುಗಳನ್ನು ಟೈಪ್ ಮಾಡುವುದರಿಂದ ಶುರುಮಾಡುತ್ತಾರೆ. ಹಾಗೆ ಮಾಡದೆ, ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಸರಕಿನ ಮುಂದೆ ಮೂರು ಸಂಗತಿಗಳನ್ನು ಬರೆದುಕೊಳ್ಳಬೇಕು: ಅದು ಯಾವ ಅಳತೆಯಲ್ಲಿ ಬರುತ್ತದೆ, ಯಾವ ಅಳತೆಯಲ್ಲಿ ಮಾರಾಟವಾಗುತ್ತದೆ, ಎಣಿಸುವಾಗ ಯಾವ ಅಳತೆಯಲ್ಲಿ ಎಣಿಸುತ್ತೇವೆ. ಬಿಸ್ಕತ್ತು ಕಾಟನ್ ಬಾಕ್ಸಿನಲ್ಲಿ, ಅಂದರೆ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ, ಬಂದು ಪ್ಯಾಕೆಟ್ ಲೆಕ್ಕದಲ್ಲಿ ಹೋಗುತ್ತದೆ. ಸಕ್ಕರೆ 50 ಕೆಜಿ ಚೀಲದಲ್ಲಿ ಬಂದು ಕಾಲು ಕೆಜಿಯಿಂದ ಹಿಡಿದು ಹತ್ತು ಕೆಜಿಯವರೆಗೆ ತೂಗಿ ಹೋಗುತ್ತದೆ. ಶಾಂಪೂ ಸರದಲ್ಲಿ ಬಂದು ಒಂದೊಂದಾಗಿ ಹರಿದು ಹೋಗುತ್ತದೆ. ದಾಸ್ತಾನಿನ ಮೂಲ ಅಳತೆ ಯಾವಾಗಲೂ ಮಾರಾಟದ ಅತಿ ಚಿಕ್ಕ ಅಳತೆಯೇ ಆಗಿರಬೇಕು. ಕಾಟನ್ ಅನ್ನೇ ಮೂಲ ಅಳತೆಯಾಗಿ ಇಟ್ಟುಕೊಂಡ ಅಂಗಡಿಯ ಬಿಲ್ಲಿನಲ್ಲಿ 0.0416 ಕಾಟನ್ ಬಿಸ್ಕತ್ತು ಎಂಬಂಥ ಸಾಲುಗಳು ಬರತೊಡಗಿದ ಮೇಲೆ ಆ ಲೆಕ್ಕವನ್ನು ಮತ್ತೆ ಹಳಿಗೆ ತರುವುದು ಕಷ್ಟ.

ಟ್ಯಾಲಿ ಪ್ರೈಮ್‌ನ ಕ್ರಿಯೇಟ್ ಮೆನುವಿನಲ್ಲಿ ಯೂನಿಟ್ ಆಯ್ಕೆಮಾಡಿ, ಕೆಜಿ ಮತ್ತು ನಗ ಎಂಬ ಎರಡು ಸರಳ ಯೂನಿಟ್‌ಗಳನ್ನು ಮೊದಲು ಮಾಡಿಕೊಂಡರೆ ಕಿರಾಣಿ ಅಂಗಡಿಯ ಬಹುಪಾಲು ಸರಕು ಮುಗಿಯುತ್ತದೆ. ಇಲ್ಲಿ ದಶಾಂಶ ಸ್ಥಾನಗಳನ್ನು ಕೇಳುವ ಒಂದು ಚಿಕ್ಕ ಖಾನೆ ಇದೆ. ಬಹಳ ಮಂದಿ ಅದನ್ನು ಗಮನಿಸದೆ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಕೆಜಿಗೆ ಅಲ್ಲಿ 3 ಎಂದು ಹಾಕಬೇಕು, ಏಕೆಂದರೆ 250 ಗ್ರಾಂ ಎಂದರೆ 0.250 ಕೆಜಿ. ನಗಕ್ಕೆ 0 ಎಂದೇ ಬಿಡಬೇಕು. ಆಗ ಎರಡೂವರೆ ಸೋಪು ಮಾರಿದಂತೆ ನಮೂದಿಸಲು ಯಾರಿಗೂ ಸಾಧ್ಯವಾಗುವುದಿಲ್ಲ. ಜಿಎಸ್‌ಟಿ ವಿವರಕ್ಕೆ ಬೇಕಾದ ಅಳತೆಯ ಸಂಕೇತವನ್ನೂ ಇದೇ ಪರದೆಯಲ್ಲಿ ಆರಿಸಿಬಿಡಬೇಕು.

ಕಾಟನ್ ಲೆಕ್ಕದಲ್ಲಿ ಬರುವ ಸರಕಿಗೆ ಐಟಂ ಮಾಡುವಾಗ ಪರ್ಯಾಯ ಯೂನಿಟ್ ಕೊಡುವುದು ಒಳ್ಳೆಯದು. ಆಗ ಒಂದು ಕಾಟನ್ ಎಂದರೆ ಇಷ್ಟು ಪ್ಯಾಕೆಟ್ ಎಂಬುದು ಆಯಾ ಐಟಂಗೆ ಮಾತ್ರ ಅನ್ವಯಿಸುತ್ತದೆ. ಒಂದು ಬ್ರ್ಯಾಂಡಿನ ಕಾಟನ್‌ನಲ್ಲಿ 24, ಇನ್ನೊಂದರಲ್ಲಿ 60 ಇರುವಾಗ ಎಲ್ಲಕ್ಕೂ ಒಂದೇ ಸಂಯುಕ್ತ ಯೂನಿಟ್ (ಒಂದು ಕಾಟನ್ ಎಂದರೆ ಇಷ್ಟೇ ನಗ ಎಂದು ಎರಡು ಅಳತೆಗಳನ್ನು ಕಟ್ಟಿಹಾಕುವ ಯೂನಿಟ್) ಮಾಡಿಟ್ಟರೆ ಲೆಕ್ಕ ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತದೆ.

ಅಡುಗೆ ಎಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಮಾರುಕಟ್ಟೆಯಲ್ಲಿ 15 ಕೆಜಿಯ ಡಬ್ಬವೂ ಇದೆ, 15 ಲೀಟರಿನ ಡಬ್ಬವೂ ಇದೆ, ಎರಡನೆಯದರಲ್ಲಿರುವುದು ಸುಮಾರು 13.65 ಕೆಜಿ. ಎರಡನ್ನೂ ಕೇವಲ ‘ಎಣ್ಣೆ ಡಬ್ಬ 15’ ಎಂದು ಬರೆದಿಟ್ಟ ಕಡೆ ನಗಗಳ ಎಣಿಕೆ ಸರಿಯಿದ್ದರೂ ಲಾಭದ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹೆಸರಿನಲ್ಲೇ ಅಳತೆ ಇರಬೇಕು. ಬ್ರ್ಯಾಂಡ್, ಸರಕು, ವಿಧ, ಅಳತೆ ಎಂಬ ಒಂದೇ ಕ್ರಮವನ್ನು ಎಲ್ಲ ಹೆಸರುಗಳಿಗೂ ಪಾಲಿಸಬೇಕು. ಬಿಡಿ ಸರಕಿಗೆ ಬ್ರ್ಯಾಂಡಿನ ಜಾಗದಲ್ಲಿ ‘ಬಿಡಿ’ ಎಂದೇ ಇರಲಿ: ‘ಬಿಡಿ ಮೆಣಸಿನಕಾಯಿ ಬ್ಯಾಡಗಿ ಕಡ್ಡಿ’, ‘ಬಿಡಿ ಬೆಲ್ಲ ಅಚ್ಚು’, ‘ಬಿಡಿ ಬೆಲ್ಲ ಉಂಡೆ’.

ಕೌಂಟರಿನಲ್ಲಿ ಕೂರುವವರು ಕರೆಯುವ ಹೆಸರು ಪಟ್ಟಿಯ ಹೆಸರಿಗಿಂತ ಬೇರೆಯಾಗಿದ್ದರೆ ಅದನ್ನು ಅಲಿಯಾಸ್ ಖಾನೆಯಲ್ಲಿ ಸೇರಿಸಬಹುದು. ಒಂದು ಐಟಂಗೆ ಒಂದಕ್ಕಿಂತ ಹೆಚ್ಚು ಅಲಿಯಾಸ್ ಕೊಡಲು ಅವಕಾಶವಿದೆ. ಬಾರ್‌ಕೋಡನ್ನು ಹಾಕುವ ಸುಲಭದ ಜಾಗವೂ ಇದೇ. ಸ್ಕ್ಯಾನರ್ ಎಂಬುದು ಕಂಪ್ಯೂಟರಿನ ಪಾಲಿಗೆ ಬಹಳ ವೇಗವಾಗಿ ಅಂಕಿ ಒತ್ತುವ ಕೀಲಿಮಣೆಯಷ್ಟೇ. ಪ್ಯಾಕೆಟ್ಟಿನ ಮೇಲಿರುವ 13 ಅಂಕಿಗಳ ಸಂಖ್ಯೆ ಅಲಿಯಾಸ್‌ನಲ್ಲಿದ್ದರೆ, ಬಿಲ್ ಮಾಡುವಾಗ ಐಟಂ ಖಾನೆಯಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಐಟಂ ತಾನಾಗಿ ಆಯ್ಕೆಯಾಗುತ್ತದೆ.

ಸೌಲಭ್ಯಗಳು, ಗುಂಪುಗಳು, ಜಾಗಗಳು

ಎಫ್11 ಒತ್ತಿದಾಗ ತೆರೆಯುವ ಸೌಲಭ್ಯಗಳ ಪರದೆಯಲ್ಲಿ ದಾಸ್ತಾನು ನಿರ್ವಹಣೆ ಹಾಗೂ ಲೆಕ್ಕಪತ್ರದೊಂದಿಗೆ ದಾಸ್ತಾನಿನ ಜೋಡಣೆ ಎಂಬ ಎರಡಕ್ಕೂ ‘ಯೆಸ್’ ಇರಬೇಕು. ಕೆಲವು ಆಯ್ಕೆಗಳು ಕಾಣದಿದ್ದರೆ ಅದೇ ಪರದೆಯಲ್ಲಿ ಹೆಚ್ಚಿನ ಸೌಲಭ್ಯಗಳನ್ನು ತೋರಿಸುವ ಸಾಲನ್ನು ತೆರೆಯಬೇಕು. ವಾಸ್ತವ ಪ್ರಮಾಣ ಮತ್ತು ಬಿಲ್ ಪ್ರಮಾಣಕ್ಕೆ ಪ್ರತ್ಯೇಕ ಕಾಲಂ ಕೊಡುವ ಆಯ್ಕೆಯನ್ನೂ, ಬ್ಯಾಚ್ (ಒಂದೇ ಐಟಂನ ಬೇರೆ ಬೇರೆ ಕಂತುಗಳನ್ನು ಬೇರೆಯಾಗಿ ಗುರುತಿಸುವುದು) ಮತ್ತು ಅವಧಿ ಮುಗಿಯುವ ದಿನಾಂಕದ ಆಯ್ಕೆಯನ್ನೂ ಈಗಲೇ ಹಾಕಿಕೊಳ್ಳಬೇಕು. ಇವುಗಳ ಉಪಯೋಗ ಮುಂದೆ ಬರುತ್ತದೆ.

ಸ್ಟಾಕ್ ಗ್ರೂಪ್‌ಗಳನ್ನು ಮಾಡುವಾಗ ಕಪಾಟಿನಲ್ಲಿ ಅಕ್ಕಪಕ್ಕ ಇರುವುದೇ ಒಂದು ಗುಂಪು ಎಂದುಕೊಳ್ಳಬಾರದು. ತೆರಿಗೆ ದರವನ್ನು ನೋಡಿ ವಿಂಗಡಿಸುವುದು ಉತ್ತಮ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದಾಗ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಇವು 5 ಪ್ರತಿಶತಕ್ಕೆ ಇಳಿದವು, ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ 18ರಲ್ಲೇ ಉಳಿಯಿತು. ಸೋಪು, ಪುಡಿ ಎರಡನ್ನೂ ಒಂದೇ ಗುಂಪಿನಲ್ಲಿ ಇಟ್ಟುಕೊಂಡವರು ಒಂದೊಂದು ಐಟಂ ತೆರೆದು ದರ ತಿದ್ದಬೇಕಾಯಿತು. ದರವನ್ನು ಗುಂಪಿನ ಮಟ್ಟದಲ್ಲಿ ಕೊಟ್ಟವರಿಗೆ, ಯಾವ ದಿನಾಂಕದಿಂದ ಅನ್ವಯ ಎಂಬುದರೊಂದಿಗೆ ಒಂದೇ ಕಡೆ ಬದಲಿಸಿದರೆ ಸಾಕಾಯಿತು. ತೆರಿಗೆಗಾಗಿ ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯನ್ನೂ ಆಗಲೇ ತುಂಬಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇರುವವರಿಗೆ 4 ಅಂಕಿಗಳು ಸಾಕು, ಅದಕ್ಕಿಂತ ಹೆಚ್ಚಿದ್ದರೆ 6 ಅಂಕಿಗಳು. ಅಕ್ಕಿಗೆ 1006, ಬೇಳೆಗಳಿಗೆ 0713, ಒಣಮೆಣಸಿನಕಾಯಿಗೆ 0904, ಬೆಲ್ಲಕ್ಕೆ 1701.

ಗೋಡೌನ್ ಎಂಬ ಆಯ್ಕೆಯಲ್ಲಿ ಮೇನ್ ಲೊಕೇಷನ್ ಮೊದಲೇ ಇರುತ್ತದೆ. ಅದರ ಜೊತೆಗೆ ಅಂಗಡಿ, ಗೋದಾಮು, ಹಾಳಾದದ್ದು, ವಾಪಸಾತಿ ಎಂಬ ನಾಲ್ಕನ್ನು ಮಾಡಿಕೊಂಡರೆ ಸಾಕು. ಕೊನೆಯ ಎರಡು ನಿಜವಾದ ಕೋಣೆಗಳಾಗಿರಬೇಕಿಲ್ಲ. ಮೂಲೆಯಲ್ಲಿಟ್ಟ ಒಂದು ರಟ್ಟಿನ ಪೆಟ್ಟಿಗೆಯಾದರೂ ನಡೆಯುತ್ತದೆ. ಒಂದೊಂದು ಕಪಾಟಿಗೂ ಒಂದೊಂದು ಗೋಡೌನ್ ಮಾಡುವ ಹುಮ್ಮಸ್ಸನ್ನು ಮಾತ್ರ ತಡೆಯಬೇಕು, ಏಕೆಂದರೆ ಸರಕು ಕಪಾಟು ಬದಲಿಸಿದಾಗಲೆಲ್ಲ ನಮೂದು ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಬ್ಯಾಚ್ ಸೌಲಭ್ಯವನ್ನು ಎಲ್ಲ ಐಟಂಗಳಿಗೂ ಹಾಕಿದರೆ ಸಂಜೆಯ ಗಿರಾಕಿಗಳ ಸಾಲು ರಸ್ತೆಗೆ ಬರುತ್ತದೆ. ಅವಧಿ ಬೇಗ ಮುಗಿಯುವ ಮಸಾಲೆ ಪುಡಿ, ಹಿಟ್ಟು, ಮಕ್ಕಳ ಆಹಾರ ಇಂಥವಕ್ಕೆ, ಹಾಗೂ ಎಂಆರ್‌ಪಿ ಪದೇಪದೇ ಬದಲಾಗುವ ಸರಕಿಗೆ ಮಾತ್ರ ಅದು ಇರಲಿ. ಕಂಪನಿ ಬೆಲೆ ಬದಲಿಸಿದಾಗ ಬಾರ್‌ಕೋಡ್ ಅದೇ ಇದ್ದು ಎಂಆರ್‌ಪಿ ಮಾತ್ರ ಬೇರೆಯಾಗಿರುವ ಎರಡು ಬಗೆಯ ಪ್ಯಾಕೆಟ್‌ಗಳು ಒಂದೇ ಕಪಾಟಿನಲ್ಲಿ ಇರುತ್ತವೆ. ಬ್ಯಾಚ್ ಹೆಸರನ್ನೇ ‘ಎಂಆರ್‌ಪಿ 55’, ‘ಎಂಆರ್‌ಪಿ 58’ ಎಂದು ಕೊಟ್ಟರೆ ಯಾವುದು ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ, ಮುದ್ರಿತ ಬೆಲೆಗಿಂತ ಹೆಚ್ಚು ವಸೂಲು ಮಾಡಿದ ಆರೋಪಕ್ಕೂ ಗುರಿಯಾಗಬೇಕಿಲ್ಲ.

ಐಟಂಗಳ ಸಂಖ್ಯೆ ನೂರಾರು ಇದ್ದರೆ ಒಂದೊಂದಾಗಿ ಟೈಪ್ ಮಾಡುವ ಅಗತ್ಯವಿಲ್ಲ. ಟ್ಯಾಲಿ ಪ್ರೈಮ್‌ನ 4.0 ಆವೃತ್ತಿಯಿಂದ ಎಕ್ಸೆಲ್ ಹಾಳೆಯಿಂದ ನೇರವಾಗಿ ತರಿಸಿಕೊಳ್ಳಬಹುದು. ಮಾದರಿ ಹಾಳೆಯೂ ಅಲ್ಲೇ ಸಿಗುತ್ತದೆ. ಮೊದಲು ಹತ್ತು ಐಟಂಗಳನ್ನು ಮಾತ್ರ ತರಿಸಿ, ಯೂನಿಟ್ ಮತ್ತು ಗುಂಪು ಸರಿಯಾಗಿ ಕೂತಿದೆಯೇ ಎಂದು ನೋಡಿದ ಮೇಲೆ ಉಳಿದವನ್ನು ತರಿಸಬೇಕು.

ಆರಂಭದ ದಾಸ್ತಾನು

ಏಪ್ರಿಲ್ 1 ಅತ್ಯುತ್ತಮ ದಿನ. ಅದು ತಪ್ಪಿದರೆ ಯಾವುದಾದರೂ ತಿಂಗಳ ಕೊನೆಯ ದಿನ ಅಂಗಡಿ ಮುಚ್ಚಿದ ಮೇಲೆ ಎಣಿಸಿ, ಮರುದಿನದಿಂದ ಆರಂಭಿಸಬಹುದು. ವ್ಯಾಪಾರ ನಡೆಯುತ್ತಿರುವಾಗ ಎಣಿಸಿದ ಅಂಕಿಗೆ ಬೆಲೆಯಿಲ್ಲ. ಒಬ್ಬರು ಎಣಿಸಿ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಬರೆಯುವ ಹಾಳೆಯಲ್ಲಿ ಹಳೆಯ ಪುಸ್ತಕದ ಅಂಕಿ ಇರಬಾರದು. ಅಂಕಿ ಕಣ್ಣಿಗೆ ಬಿದ್ದರೆ ಎಣಿಕೆ ಅದಕ್ಕೇ ಹೊಂದಿಕೊಳ್ಳುತ್ತದೆ. ಬಾಯಿ ಬಿಚ್ಚಿದ ಚೀಲಗಳನ್ನು ಅಂದಾಜಿನಲ್ಲಿ ಅರ್ಧ ಚೀಲ ಎಂದು ಬರೆಯದೆ ತೂಕಕ್ಕೆ ಇಡಬೇಕು. ಗೋಡಂಬಿ, ಏಲಕ್ಕಿ, ಒಣದ್ರಾಕ್ಷಿಯಂಥ ದುಬಾರಿ ಸರಕನ್ನು ಮಾಲೀಕರೇ ತೂಗುವುದು ಲೇಸು.

ದರದ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯ. ಹೂಡುವಳಿ ತೆರಿಗೆಯನ್ನು, ಅಂದರೆ ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು, ಜಮೆ ಪಡೆಯುವ (ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ) ವ್ಯಾಪಾರಿಯು ಕೊನೆಯ ಖರೀದಿ ಬಿಲ್ಲಿನಲ್ಲಿ ಜಿಎಸ್‌ಟಿ ಬಿಟ್ಟು ಉಳಿದ ದರವನ್ನು ಹಾಕಬೇಕು. ಕಾಂಪೊಸಿಷನ್‌ನಲ್ಲಿರುವವರಿಗೆ ಜಮೆ ಸಿಗದ ಕಾರಣ ತೆರಿಗೆ ಸೇರಿದ ದರವನ್ನೇ ಹಾಕಬೇಕು. ಮೌಲ್ಯ ಕಟ್ಟುವ ವಿಧಾನದಲ್ಲಿ ಟ್ಯಾಲಿ ತಾನಾಗಿ ಸರಾಸರಿ ವೆಚ್ಚವನ್ನು ತೆಗೆದುಕೊಳ್ಳುತ್ತದೆ. ಕಿರಾಣಿಗೆ ಅದು ಸಾಕು. ಅದನ್ನು ವರ್ಷದ ನಡುವೆ ಬದಲಿಸಬಾರದು.

ಖರೀದಿ ಮತ್ತು ಸ್ಕೀಮ್

ಖರೀದಿಯನ್ನು ಎಫ್9ರಲ್ಲಿ, ಮಾರಾಟವನ್ನು ಎಫ್8ರಲ್ಲಿ ನಮೂದಿಸುವುದು ಎಲ್ಲರಿಗೂ ಗೊತ್ತಿರುವಂಥದ್ದೇ. ಗಮನಿಸಬೇಕಾದದ್ದು ಕ್ರಮವನ್ನು: ಸರಕು ಬಂದ ದಿನವೇ, ಕಪಾಟಿಗೆ ಏರುವ ಮೊದಲೇ ಖರೀದಿ ನಮೂದಾಗಬೇಕು. ಖರೀದಿ ಬಿಲ್‌ಗಳನ್ನು ಮೊಳೆಗೆ ಚುಚ್ಚಿಟ್ಟು ತಿಂಗಳ ಕೊನೆಗೆ ಒಟ್ಟಿಗೆ ಹಾಕುವ ಅಂಗಡಿಯಲ್ಲಿ ಪರದೆಯ ದಾಸ್ತಾನು ತಿಂಗಳ ಪೂರ್ತಿ ಋಣಾತ್ಮಕವಾಗಿಯೇ, ಅಂದರೆ ಸೊನ್ನೆಗಿಂತ ಕೆಳಗೇ, ಇರುತ್ತದೆ. ಎಕ್ಸೆಪ್ಷನ್ ರಿಪೋರ್ಟ್‌ಗಳಲ್ಲಿರುವ ನೆಗೆಟಿವ್ ಸ್ಟಾಕ್ ಪಟ್ಟಿಯನ್ನು ದಿನವೂ ಮುಚ್ಚುವ ಮುನ್ನ ಒಮ್ಮೆ ತೆರೆದರೆ ಇದು ಕೂಡಲೇ ಕಾಣುತ್ತದೆ. ಸಾಮಾನ್ಯವಾಗಿ ಅಲ್ಲಿ ಸಿಗುವುದು ಮೂರೇ ತಪ್ಪು: ಖರೀದಿ ಹಾಕಿಲ್ಲ, ಐಟಂ ತಪ್ಪಾಗಿ ಆರಿಸಿದ್ದಾರೆ, ಅಥವಾ ಕಾಟನ್ ಇದ್ದ ಕಡೆ ನಗ ಎಂದು ಹಾಕಿದ್ದಾರೆ.

ವಿತರಕರು 12ಕ್ಕೆ 1 ಉಚಿತ ಎಂದು ಸ್ಕೀಮ್ ಕೊಟ್ಟಾಗ ವಾಸ್ತವ ಪ್ರಮಾಣದ ಕಾಲಂನಲ್ಲಿ 13, ಬಿಲ್ ಪ್ರಮಾಣದಲ್ಲಿ 12 ಎಂದು ಹಾಕಬೇಕು. ಹೀಗೆ ಮಾಡಿದರೆ ದಾಸ್ತಾನಿಗೆ 13 ಸೇರುತ್ತದೆ, ಹಣ 12ಕ್ಕೆ ಮಾತ್ರ ಹೋಗುತ್ತದೆ, ಒಂದರ ಸರಾಸರಿ ಬೆಲೆ ತಾನಾಗಿ ಇಳಿಯುತ್ತದೆ. ಉಚಿತದ್ದನ್ನು ನಮೂದಿಸದೆ ಬಿಟ್ಟರೆ ಆ ಹೆಚ್ಚುವರಿ ಪ್ಯಾಕೆಟ್‌ಗಳು ಲೆಕ್ಕದ ಹೊರಗೆ ಉಳಿಯುತ್ತವೆ. ಲೆಕ್ಕದ ಹೊರಗಿರುವ ಸರಕು ಕಾಣೆಯಾದರೆ ಯಾರಿಗೂ ತಿಳಿಯುವುದಿಲ್ಲ.

ಚೀಲ ಒಡೆದು ಪ್ಯಾಕೆಟ್ ಮಾಡುವಾಗ

50 ಕೆಜಿ ತೊಗರಿಬೇಳೆಯ ಚೀಲವನ್ನು ಬಿಚ್ಚಿ ಒಂದೊಂದು ಕೆಜಿಯ ಪ್ಯಾಕೆಟ್ ಮಾಡಿಡುವುದು ಬಹುತೇಕ ಅಂಗಡಿಗಳಲ್ಲಿ ಮಧ್ಯಾಹ್ನದ ಕೆಲಸ. ಇದಕ್ಕೆ ಆಲ್ಟ್ ಮತ್ತು ಎಫ್7 ಒತ್ತಿ ಸ್ಟಾಕ್ ಜರ್ನಲ್ (ಖರೀದಿ, ಮಾರಾಟವಿಲ್ಲದೆ ಸರಕು ರೂಪ ಅಥವಾ ಜಾಗ ಬದಲಿಸಿದ್ದನ್ನು ನಮೂದಿಸುವ ಪರದೆ) ತೆರೆಯಬೇಕು. ಬಳಕೆಯಾದ ಸರಕಿನ ಬದಿಯಲ್ಲಿ ಬಿಡಿ ತೊಗರಿಬೇಳೆ 50 ಕೆಜಿ, ಕೆಜಿಗೆ 110 ರೂಪಾಯಿಯಂತೆ 5,500 ರೂಪಾಯಿ, ಮತ್ತು ಕವರ್‌ಗಳಿಗೆ 50 ರೂಪಾಯಿ ಎಂದುಕೊಳ್ಳೋಣ. ತಯಾರಾದ ಸರಕಿನ ಬದಿಯಲ್ಲಿ 50 ಪ್ಯಾಕೆಟ್ ಎಂದು ಕಣ್ಣುಮುಚ್ಚಿ ಹಾಕಬಾರದು. ತೂಕ ಕೊಂಚ ಜಾಸ್ತಿ ಬಿದ್ದು, ನೆಲಕ್ಕೆ ಚೆಲ್ಲಿ, ಚೀಲದಲ್ಲೇ ಕಡಿಮೆ ಇದ್ದು, ಕೈಗೆ ಬಂದದ್ದು 49 ಪ್ಯಾಕೆಟ್ ಆದರೆ 49 ಎಂದೇ ಹಾಕಿ ಒಟ್ಟು ಮೌಲ್ಯ 5,550 ಎಂದು ಕೊಡಬೇಕು. ಆಗ ಒಂದು ಪ್ಯಾಕೆಟ್ಟಿನ ನಿಜವಾದ ಅಸಲು 113 ರೂಪಾಯಿ 27 ಪೈಸೆ ಎಂದು ಹೊರಬರುತ್ತದೆ. ಅದನ್ನು 111 ಎಂದು ತಿಳಿದು 113ಕ್ಕೆ ಮಾರುವ ಅಂಗಡಿ ಪ್ರತಿ ಪ್ಯಾಕೆಟ್ಟಿನ ಮೇಲೆ ನಷ್ಟ ಹೊತ್ತುಕೊಂಡೇ ವ್ಯಾಪಾರ ಚೆನ್ನಾಗಿದೆ ಎಂದುಕೊಳ್ಳುತ್ತಿರುತ್ತದೆ.

ಬಿಡಿ ಬೇಳೆ, ಪ್ಯಾಕೆಟ್ ಬೇಳೆ ಎಂದು ಎರಡು ಐಟಂ ಮಾಡಲು ತೆರಿಗೆಯ ಕಾರಣವೂ ಇದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿಯವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳಿಗೆ 5 ಪ್ರತಿಶತ ಜಿಎಸ್‌ಟಿ ಇದೆ; ಗಿರಾಕಿಯ ಎದುರಿಗೆ ಚೀಲದಿಂದ ತೂಗಿಕೊಡುವುದಕ್ಕೆ ಇಲ್ಲ. 26 ಕೆಜಿಯ ಅಕ್ಕಿ ಚೀಲಗಳು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. ಅಂಗಡಿಯಲ್ಲೇ ಮಾಡುವ ಪ್ಯಾಕೆಟ್ ಯಾವ ಬಗೆಗೆ ಸೇರುತ್ತದೆ ಎಂಬುದನ್ನು ತೆರಿಗೆ ಸಲಹೆಗಾರರೊಂದಿಗೆ ನಿರ್ಧರಿಸಿಕೊಂಡು, ಆ ಪ್ರಕಾರ ಎರಡು ಐಟಂಗಳನ್ನು ಎರಡು ಗುಂಪುಗಳಲ್ಲಿ ಇಡಬೇಕು.

ಬಿಲ್ ಇಲ್ಲದೆ ಹೊರಗೆ ಹೋಗುವ ಸರಕು

ದಾಸ್ತಾನು ತಾಳೆಯಾಗದ ಅಂಗಡಿಯಲ್ಲಿ ಮೊದಲು ಕಳ್ಳತನದ ಅನುಮಾನ ಬರುತ್ತದೆ, ಕೆಲಸದ ಹುಡುಗರ ಮೇಲೆ ಕಣ್ಣು ಬೀಳುತ್ತದೆ. ಆದರೆ ಪಟ್ಟಿ ಮಾಡಿ ನೋಡಿದರೆ ದೊಡ್ಡ ಪಾಲು ಬೇರೆಲ್ಲೋ ಇರುತ್ತದೆ. ಮೊದಲನೆಯದು ಮಾಲೀಕರ ಮನೆಗೆ ಹೋಗುವ ದಿನಸಿ. ಅಮ್ಮ ಫೋನ್ ಮಾಡಿ ಹೇಳಿದ ಎರಡು ಕೆಜಿ ಸಕ್ಕರೆಗೆ ಯಾರೂ ಬಿಲ್ ಹಾಕುವುದಿಲ್ಲ. ಮನೆಬಳಕೆ ಎಂಬ ಹೆಸರಿನಲ್ಲಿ ಅದಕ್ಕೂ ಒಂದು ಖಾತೆ ತೆರೆದು, ತಿಂಗಳ ಕೊನೆಗೆ ಮಾಲೀಕರ ಬಂಡವಾಳದಿಂದ ಕಳೆಯುವ ಏರ್ಪಾಡು ಇರಬೇಕು. ಸ್ವಂತ ಬಳಕೆಯ ಸರಕಿಗೆ ಹೂಡುವಳಿ ತೆರಿಗೆಯ ಜಮೆ ಸಿಗದ ಕಾರಣ ಈ ಅಂಕಿ ತೆರಿಗೆ ಸಲಹೆಗಾರರಿಗೂ ಬೇಕು.

ಇಲಿ ಕಡಿದ ಚೀಲ, ಒಡೆದ ಬಾಟಲಿ, ನೀರು ತಾಗಿದ ಹಿಟ್ಟು ಇವುಗಳನ್ನು ಸ್ಟಾಕ್ ಜರ್ನಲ್ ಮೂಲಕ ಅಂಗಡಿಯಿಂದ ‘ಹಾಳಾದದ್ದು’ ಎಂಬ ಜಾಗಕ್ಕೆ ಸಾಗಿಸಬೇಕು. ಎಸೆದ ದಿನ ಅಲ್ಲಿಂದಲೂ ತೆಗೆಯಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ವಿಧಿಯಂತೆ ಕಳೆದ, ಕಳವಾದ, ನಾಶವಾದ ಸರಕಿನ ಮೇಲೆ ಪಡೆದ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಈ ಪಟ್ಟಿ ಇದ್ದರೆ ಆ ಲೆಕ್ಕ ಸುಲಭ. ಅವಧಿ ಮುಗಿದು ವಿತರಕರು ವಾಪಸ್ ಒಯ್ಯಬೇಕಾದದ್ದು ‘ವಾಪಸಾತಿ’ಗೆ ಹೋಗಲಿ. ಅವರು ಒಯ್ದಾಗ ಆಲ್ಟ್ ಮತ್ತು ಎಫ್5 ಒತ್ತಿ ಡೆಬಿಟ್ ನೋಟ್ (ವಾಪಸ್ ಕೊಟ್ಟ ಸರಕಿನ ಹಣವನ್ನು ವಿತರಕರ ಲೆಕ್ಕದಲ್ಲಿ ಕಳೆಯುವ ಪತ್ರ) ಮಾಡಬೇಕು. ಮುಂದಿನ ಬಿಲ್ಲಿನಲ್ಲಿ ಹೊಂದಿಸುತ್ತೇವೆ ಎಂಬ ಸೇಲ್ಸ್‌ಮನ್‌ನ ಬಾಯಿಮಾತನ್ನು ನಂಬಿ ಬಿಟ್ಟದ್ದು ಅನೇಕ ಬಾರಿ ಅಲ್ಲಿಗೇ ಮರೆತುಹೋಗುತ್ತದೆ.

ಒಣಗಿ ತೂಕ ಇಳಿಯುವುದು ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿ ಬೇಸಿಗೆಯಲ್ಲಿ ತೂಕ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ಕರಗಿ ಸೋರುತ್ತದೆ. ಇಂಥ ಸರಕಿಗೆ ಎಷ್ಟು ವ್ಯತ್ಯಾಸವನ್ನು ಸಹಜವೆಂದು ಒಪ್ಪಬಹುದು ಎಂಬುದನ್ನು ಕೆಲವು ತಿಂಗಳ ಎಣಿಕೆಯಿಂದ ಅಂಗಡಿಯವರೇ ಕಂಡುಕೊಳ್ಳಬೇಕು. ಬೇರೆ ಊರಿನ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಣಿಕೆ, ಮರುಖರೀದಿ, ಅಧಿಕಾರ

ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವುದಕ್ಕಿಂತ ದಿನಕ್ಕೊಂದು ಕಪಾಟು ಎಣಿಸುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ವ್ಯತ್ಯಾಸದ ಕಾರಣ ಇನ್ನೂ ಜನರ ನೆನಪಿನಲ್ಲಿರುತ್ತದೆ. ಕಂಟ್ರೋಲ್ ಮತ್ತು ಎಫ್7 ಒತ್ತಿದರೆ ತೆರೆಯುವ ಫಿಸಿಕಲ್ ಸ್ಟಾಕ್ ವೋಚರ್‌ನಲ್ಲಿ (ವೋಚರ್ ಎಂದರೆ ಒಂದು ನಮೂದು) ಎಣಿಸಿದ ಪ್ರಮಾಣವನ್ನು ಜಾಗವಾರು ಹಾಕಿದರೆ, ಆ ದಿನಾಂಕದಿಂದ ಅದೇ ದಾಸ್ತಾನಾಗಿ ನಿಲ್ಲುತ್ತದೆ. ಇದು ತಪ್ಪನ್ನು ಮುಚ್ಚಿಹಾಕುವ ಸಾಧನವೂ ಆಗಬಲ್ಲದು. ಆದ್ದರಿಂದ ಕಾರಣ ಹುಡುಕಿ ಸರಿಯಾದ ನಮೂದಿನಿಂದ ಸರಿಪಡಿಸಿದ ಮೇಲೂ ಉಳಿಯುವ ವ್ಯತ್ಯಾಸಕ್ಕೆ ಮಾತ್ರ ಈ ವೋಚರ್ ಬಳಸಬೇಕು, ಪ್ರತಿ ಬಾರಿಯೂ ವಿವರಣೆಯ ಖಾನೆಯಲ್ಲಿ ಎಣಿಸಿದವರ ಹೆಸರು ಬರೆಯಬೇಕು.

ಮರುಖರೀದಿಯ ಮಟ್ಟವನ್ನು (ದಾಸ್ತಾನು ಎಷ್ಟಕ್ಕೆ ಇಳಿದಾಗ ಮತ್ತೆ ತರಿಸಬೇಕು ಎಂಬ ಅಂಕಿಯನ್ನು) ಆರಂಭದಲ್ಲೇ ಎಲ್ಲ ಐಟಂಗಳಿಗೂ ಕೊಡುವುದು ವ್ಯರ್ಥ ಶ್ರಮ. ಎರಡು ಮೂರು ತಿಂಗಳ ಮಾರಾಟದ ಲೆಕ್ಕ ಕೂಡಿದ ಮೇಲೆ, ಬೇಗ ಖರ್ಚಾಗುವ ಸರಕಿಗೆ ಮಾತ್ರ ರೀಆರ್ಡರ್ ಲೆವೆಲ್ ಹಾಕಬೇಕು. ಲೆಕ್ಕ ಸರಳ: ದಿನದ ಸರಾಸರಿ ಮಾರಾಟವನ್ನು ಸರಕು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಎರಡು ದಿನದ್ದನ್ನು ಮೇಲೆ ಸೇರಿಸುವುದು. ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿಗೆ ಮುನ್ನ ಬೆಲ್ಲ, ಕಡಲೆಬೇಳೆ, ಮೈದಾ, ಎಣ್ಣೆಗಳ ಮಟ್ಟವನ್ನು ಕೈಯಾರೆ ಏರಿಸಿ, ಹಬ್ಬ ಮುಗಿದ ಕೂಡಲೇ ಇಳಿಸಬೇಕು. ರೀಆರ್ಡರ್ ಸ್ಟೇಟಸ್ ವರದಿಯನ್ನು ವಿತರಕರ ಸೇಲ್ಸ್‌ಮನ್ ಬರುವ ದಿನ ಬೆಳಿಗ್ಗೆ ನೋಡಿದರೆ ಸಾಕು.

ಬಿಲ್ ಹಾಕುತ್ತಿರುವಾಗಲೇ ಆಲ್ಟ್ ಮತ್ತು ಸಿ ಒತ್ತಿ ಹೊಸ ಐಟಂ ಮಾಡುವ ಅನುಕೂಲ ಟ್ಯಾಲಿಯಲ್ಲಿದೆ. ಗಿರಾಕಿ ಕಾಯುತ್ತಿದ್ದಾರೆ, ಐಟಂ ಸಿಗುತ್ತಿಲ್ಲ ಎಂದಾಗ ಕೌಂಟರಿನವರು ಅದನ್ನೇ ಒತ್ತುತ್ತಾರೆ. ಒಂದೇ ಬೇಳೆ ಮೂರು ಹೆಸರಿನಲ್ಲಿ ಹುಟ್ಟಿಕೊಳ್ಳುವುದು ಹೀಗೆಯೇ. ಬಳಕೆದಾರರಿಗೆ ಪ್ರತ್ಯೇಕ ಹೆಸರು, ಗುಪ್ತಪದ ಕೊಟ್ಟು, ಐಟಂ ಮಾಡುವ ಮತ್ತು ಹಳೆಯ ದಿನಾಂಕದ ವೋಚರ್ ತಿದ್ದುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ಇಡಬೇಕು. ಕೌಂಟರಿನಲ್ಲಿ ಸಿಗದ ಸರಕಿಗೆ ‘ಇತರೆ’ ಎಂಬ ಒಂದು ತಾತ್ಕಾಲಿಕ ಐಟಂ ಇರಲಿ. ಆ ದಿನ ರಾತ್ರಿ ಅದರಲ್ಲಿ ಬಿದ್ದದ್ದನ್ನೆಲ್ಲ ಸರಿಯಾದ ಐಟಂಗೆ ಬದಲಿಸಿದರಾಯಿತು.

ಆಲ್ಟ್ ಮತ್ತು ವೈ ಒತ್ತಿದರೆ ಸಿಗುವ ಬ್ಯಾಕಪ್ ಅನ್ನು ದಿನವೂ ಪೆನ್‌ಡ್ರೈವ್‌ಗೆ ತೆಗೆಯಬೇಕು, ಆ ಪೆನ್‌ಡ್ರೈವ್ ರಾತ್ರಿ ಅಂಗಡಿಯಲ್ಲೇ ಉಳಿಯಬಾರದು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಆದ್ದರಿಂದ ಪ್ರತಿ ಮಾರ್ಚ್ 31ರ ಬ್ಯಾಕಪ್ಪನ್ನು ಬೇರೆಯಾಗಿ, ವರ್ಷದ ಹೆಸರಿನಲ್ಲಿ, ಆ ದಿನದ ಎಣಿಕೆ ಹಾಳೆಗಳ ಜೊತೆಗೇ ಇಡಬೇಕು.